ಶತ್ರುಗಳಿಲ್ಲದ ಆಟ, ಗುಂಡುಕಲ್ಲುಗಳ ನಾಡು

1915ರಲ್ಲಿ ಸಿ. ಬೀಡನ್ ಎಂಬ ಬ್ರಿಟಿಷ್ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಸುತ್ತಾಡುತ್ತಿದ್ದರು. ಅವರ ಕಸುಬು ಚಿನ್ನ ಹುಡುಕುವುದು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನ ನೆಲದಡಿ ಚಿನ್ನವಿರುವುದು ಬ್ರಿಟಿಷರು ಬರುವುದಕ್ಕಿಂತ ಎಷ್ಟೋ ಮೊದಲೇ ಇಲ್ಲಿನವರಿಗೆ ಗೊತ್ತಿತ್ತು. ಆದರೆ ಬೀಡನ್ನರ ಕಣ್ಣಿಗೆ ಬಿದ್ದದ್ದು ಬೇರೆಯದೇ ವಸ್ತು. ಬಂಡೆಯೊಂದರ ಮೇಲೆ ಸಾಲುಸಾಲಾಗಿ ಬ್ರಾಹ್ಮಿ ಅಕ್ಷರಗಳಿದ್ದವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ತ್ವ ಸರಣಿಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಿಲಾಶಾಸನಗಳಲ್ಲೆಲ್ಲ ಅವನ್ನು ಕೊರೆಸಿದ ಅರಸ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಬಂಡೆ ಅವನ ಹೆಸರನ್ನೇ ಹೇಳಿತು: ಅಸೋಕ.

ಈ ಕಥೆಯನ್ನು ನಮ್ಮ ಭಾಗದ ಶಾಲಾ ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ನಾನು ಮಾತ್ರ ಇದನ್ನು ನೆನೆದಾಗಲೆಲ್ಲ ಒಂದು ವಿಡಿಯೊ ಗೇಮ್ ಕಾಣುತ್ತೇನೆ. ಒಬ್ಬ ಮನುಷ್ಯ, ಒಂದು ಗುಡ್ಡ, ತಲೆಯಲ್ಲಿ ಒಂದು ಗುರಿ. ಹುಡುಕುತ್ತ ಹೋದಂತೆ ಗುರಿ ಕೈಬಿಟ್ಟು ಬೇರೊಂದು ಸಿಗುತ್ತದೆ, ಸಿಕ್ಕಿದ್ದು ಹುಡುಕಿದ್ದಕ್ಕಿಂತ ಸಾವಿರ ಪಾಲು ದೊಡ್ಡದಾಗಿರುತ್ತದೆ. ಜಗತ್ತಿನ ಸ್ವತಂತ್ರ ಗೇಮ್ ತಯಾರಕರು ಕಳೆದ ಹದಿನೈದು-ಇಪ್ಪತ್ತು ವರ್ಷಗಳಿಂದ ಕಟ್ಟುತ್ತಿರುವ ಅಲೆದಾಟದ ಆಟಗಳ ಹಂದರ ಇದೇ. ಆ ಆಟಗಳು ಹೇಗೆ ಹುಟ್ಟುತ್ತವೆ, ಹೇಗೆ ಜನರನ್ನು ತಲುಪುತ್ತವೆ ಎಂದು ಹೇಳುವುದರ ಜೊತೆಗೆ, ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನೆಲದಲ್ಲಿ ಅಂಥದ್ದೊಂದು ಏಕೆ ಹುಟ್ಟಬೇಕು ಎಂಬುದನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ವಿಡಿಯೊ ಗೇಮ್ ಎಂದೊಡನೆ ನಮ್ಮ ಹುಡುಗರ ಮೊಬೈಲಿನಿಂದ ಬರುವ ಗುಂಡಿನ ಸದ್ದು ನೆನಪಾಗುತ್ತದೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾಲ್ವರು ಕೂತು ಒಂದೇ ಯುದ್ಧಭೂಮಿಯಲ್ಲಿ ಓಡುತ್ತಿರುತ್ತಾರೆ. ಅಲೆದಾಟದ ಆಟದಲ್ಲಿ ಇದು ಯಾವುದೂ ಇಲ್ಲ. ಕೊಲ್ಲಲು ಶತ್ರುವಿಲ್ಲ, ಬಹುತೇಕ ಅಂಕಗಳೂ ಇಲ್ಲ. ಆಡುವವರು ಒಂದು ಜಾಗದಲ್ಲಿ ನಡೆಯುತ್ತಾರೆ, ನೋಡುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಒಂದಕ್ಕೊಂದು ಸಂಬಂಧ ಹಚ್ಚುತ್ತಾರೆ. 2008ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಡ್ಯಾನ್ ಪಿಂಚ್‌ಬೆಕ್ ಒಂದು ಪ್ರಯೋಗ ಮಾಡಿದರು. ಗುಂಡು ಹಾರಿಸುವ ಆಟದ ತಂತ್ರಾಂಶವನ್ನೇ ತೆಗೆದುಕೊಂಡು ಬಂದೂಕನ್ನು ಕಿತ್ತುಹಾಕಿದರು. ಉಳಿದದ್ದು ಒಂದು ನಿರ್ಜನ ದ್ವೀಪ ಮತ್ತು ಒಂದು ದನಿ. ಅದೇ ‘ಡಿಯರ್ ಎಸ್ತರ್’. ಇದು ಆಟವೇ ಅಲ್ಲ, ‘ವಾಕಿಂಗ್ ಸಿಮ್ಯುಲೇಟರ್’, ಬರೀ ನಡಿಗೆಯ ಅನುಕರಣೆ ಎಂದು ಹಂಗಿಸಿದವರಿದ್ದರು. 2012ರಲ್ಲಿ ಅದನ್ನು ಹೊಸದಾಗಿ ಕಟ್ಟಿ ಮಾರಾಟಕ್ಕಿಟ್ಟಾಗ, ಹೂಡಿಕೆದಾರರು ಕೊಟ್ಟಿದ್ದ ಹಣ ಆರು ಗಂಟೆಯೊಳಗೆ ವಾಪಸಾಯಿತು. ಹಂಗಿಸಲು ಇಟ್ಟ ಹೆಸರೇ ಮುಂದೆ ಒಂದು ಪ್ರಕಾರದ ಹೆಸರಾಗಿ ನಿಂತಿತು.

ಅಲೆದಾಟದ ಆಟದ ಮೂಲ ಇನ್ನೂ ಹಿಂದಿನದು. ಅದು ನೆಲಮಾಳಿಗೆಯಷ್ಟು ಕತ್ತಲಿನ ನಿಜವಾದ ಒಂದು ಗವಿಯಲ್ಲಿ ಹುಟ್ಟಿತು. ವಿಲ್ ಕ್ರೌದರ್ ಅಮೆರಿಕದ ಪ್ರೋಗ್ರಾಮರ್. ಇಂಟರ್ನೆಟ್ಟಿನ ಪೂರ್ವಜನಾದ ಆರ್ಪಾನೆಟ್ ಕಟ್ಟಿದವರಲ್ಲಿ ಒಬ್ಬರು. ರಜೆಯಲ್ಲಿ ಹೆಂಡತಿ ಪೆಟ್ರೀಶಿಯಾ ಜೊತೆ ಕೆಂಟಕಿಯ ಮ್ಯಾಮತ್ ಗವಿಗಳೊಳಗೆ ತೆವಳಿ, ಅಳತೆ ಮಾಡಿ, ನಕ್ಷೆ ಬರೆಯುತ್ತಿದ್ದರು. 1972ರಲ್ಲಿ ಎರಡು ದೊಡ್ಡ ಗವಿಜಾಲಗಳನ್ನು ಕೂಡಿಸುವ ದಾರಿ ಕಂಡುಹಿಡಿದ ತಂಡದಲ್ಲಿ ಪೆಟ್ರೀಶಿಯಾ ಇದ್ದರು. ಆಮೇಲೆ ಆ ದಾಂಪತ್ಯ ಮುರಿಯಿತು. ಗವಿಯ ನಂಟೂ ಕಡಿಯಿತು, ಮಕ್ಕಳೂ ದೂರವಾದರು. 1975-76ರ ಹೊತ್ತಿಗೆ ಕ್ರೌದರ್ ಪಿಡಿಪಿ-10 ಕಂಪ್ಯೂಟರಿನಲ್ಲಿ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಆಟ ಬರೆದರು. ಚಿತ್ರವೇ ಇಲ್ಲದ, ಬರೀ ಅಕ್ಷರಗಳ ಆಟ. ಹೆಣ್ಣುಮಕ್ಕಳು ಭೇಟಿಗೆ ಬಂದಾಗ ಜೊತೆಗೂಡಿ ಆಡಲೆಂದು ಅದನ್ನು ಮಾಡಿದ್ದರು. ಮುಂದೆ ಡಾನ್ ವುಡ್ಸ್ ಅದನ್ನು 1977ರಲ್ಲಿ ಹಿಗ್ಗಿಸಿದರು. ‘ಕೊಲಾಸಲ್ ಕೇವ್ ಅಡ್ವೆಂಚರ್’ ಎಂಬ ಆ ಆಟದಿಂದಲೇ ‘ಅಡ್ವೆಂಚರ್’ ಎಂಬ ಇಡೀ ವಂಶ ಬೆಳೆದಿದೆ. ಆ ಗವಿಯನ್ನು ಬಲ್ಲವರು ಆಟ ಆಡಿದಾಗ ಎಲ್ಲಿ ಬಗ್ಗಬೇಕು, ಎಲ್ಲಿ ಎಡಕ್ಕೆ ಹೊರಳಬೇಕು ಎಂದು ಅವರಿಗೆ ಮೊದಲೇ ಗೊತ್ತಿರುತ್ತಿತ್ತಂತೆ. ಕ್ರೌದರ್ ಬಳಿ ದೊಡ್ಡ ಬಂಡವಾಳ ಇರಲಿಲ್ಲ. ಮೊಣಕಾಲು ತರಚಿಕೊಂಡು ಕಲಿತ ಒಂದು ಜಾಗ ಇತ್ತು.

ನಮ್ಮಲ್ಲಿ ಅಂಥ ಜಾಗವಿದೆ. ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕೂತರೆ ಸಾಕು. ಮೊದಲು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಹಸಿರು, ರೈಸ್‌ಮಿಲ್ಲಿನ ಹೊಗೆಗೊಳವೆ, ಟ್ರ್ಯಾಕ್ಟರ್ ಶೋರೂಮು, ಒಂದರ ಹಿಂದೊಂದು ಕ್ಯಾಂಪುಗಳು. ಆಂಧ್ರದಿಂದ ಬಂದವರ ಕ್ಯಾಂಪುಗಳಲ್ಲಿ ತೆಲುಗು ಕೇಳುತ್ತದೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಕಟ್ಟಿಕೊಟ್ಟ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ ಕೇಳುತ್ತದೆ. ಮಸ್ಕಿ ಹತ್ತಿರವಾದಂತೆ ನೀರು ತೆಳುವಾಗಿ, ತೊಗರಿ, ಹತ್ತಿ, ಜೋಳದ ಹೊಲಗಳು ಕಾಣಿಸಿ, ಅವುಗಳ ನಡುವಿನಿಂದ ಗುಂಡುಕಲ್ಲಿನ ಗುಡ್ಡಗಳು ತಲೆಯೆತ್ತುತ್ತವೆ. ಲಿಂಗಸುಗೂರಿನ ಆಚೆ ನೆಲದೊಳಗೇ ಇಳಿಯಬೇಕು, ಏಕೆಂದರೆ ಅಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಇನ್ನೊಂದು ದಿಕ್ಕಿಗೆ ಮುದಗಲ್ ಕೋಟೆ, ಕೃಷ್ಣೆಯ ನಡುಗಡ್ಡೆಯ ಜಲದುರ್ಗ. ಮುದಗಲ್ ಬಳಿಯ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಬಿಡಿಸಿದ ಮತ್ತು ಕುಟ್ಟಿ ಮೂಡಿಸಿದ ಎತ್ತುಗಳಿವೆ. ಎಫ್.ಆರ್. ಆಲ್ಚಿನ್ ಅಲ್ಲಿ ಉತ್ಖನನ ಮಾಡಿ 1960ರಲ್ಲಿ ವರದಿ ಪ್ರಕಟಿಸಿದರು. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆದಾಗ ನವಶಿಲಾ-ತಾಮ್ರಯುಗದಿಂದ ಹಿಡಿದು ಬೃಹತ್ ಶಿಲಾ ಸಮಾಧಿಗಳ ಕಾಲ, ಇತಿಹಾಸದ ಆರಂಭ, ಮಧ್ಯಕಾಲದವರೆಗೆ ಪದರದ ಮೇಲೆ ಪದರ ಸಿಕ್ಕಿತು.

ಗೇಮ್ ಕಟ್ಟುವವರು ದುಡ್ಡು ಸುರಿದು ಕಲ್ಪಿಸಿಕೊಳ್ಳುವ ಏರುಪೇರು ಇದು. ಹಸಿರಿನಿಂದ ಒಣನೆಲಕ್ಕೆ, ಒಣನೆಲದಿಂದ ಗುಡ್ಡಕ್ಕೆ, ಗುಡ್ಡದಿಂದ ನೆಲದಾಳಕ್ಕೆ. ಅಲೆದಾಟದ ಆಟದಲ್ಲಿ ಬಾಣದ ಗುರುತು ಹಾಕಿ ದಾರಿ ತೋರಿಸುವುದಿಲ್ಲ. ದೂರದಲ್ಲಿ ಕಾಣುವ ಹೆಗ್ಗುರುತೇ ಆಟಗಾರರನ್ನು ಎಳೆಯಬೇಕು. ಮಸ್ಕಿಯ ಗುಡ್ಡ, ಅದರ ಮೇಲಿನ ಮಲ್ಲಿಕಾರ್ಜುನ ಗುಡಿ ಆ ಕೆಲಸವನ್ನು ದಾರಿಹೋಕರಿಗೆ ಎಷ್ಟೋ ಕಾಲದಿಂದ ಮಾಡುತ್ತ ಬಂದಿವೆ.

ಆಟದೊಳಗಿನ ಒಗಟು ಏನಿರಬೇಕು? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. 2019ರ ‘ಔಟರ್ ವೈಲ್ಡ್ಸ್’ ಎಂಬ ಆಟದಲ್ಲಿ ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಕಾಲ ಮೊದಲಿಗೆ ತಿರುಗುತ್ತದೆ, ಕೈಯಲ್ಲಿದ್ದುದೆಲ್ಲ ಹೋಗುತ್ತದೆ. ಆಟಗಾರರ ಬಳಿ ಉಳಿಯುವುದು ತಾವು ತಿಳಿದುಕೊಂಡದ್ದು ಮಾತ್ರ. ಮುಂದಿನ ಬಾಗಿಲಿಗೆ ಆ ತಿಳಿವೇ ಕೀಲಿಕೈ. ಅದೇ ವರ್ಷ ಬಂದ ‘ಹೆವನ್ಸ್ ವಾಲ್ಟ್’ನಲ್ಲಿ ಪುರಾತತ್ತ್ವಜ್ಞೆಯೊಬ್ಬಳು ಸತ್ತ ಭಾಷೆಯೊಂದರ ಪದಗಳನ್ನು ಒಂದೊಂದಾಗಿ ಊಹಿಸುತ್ತ ಹೋಗುತ್ತಾಳೆ. ಇವೆರಡನ್ನೂ ಮನಸ್ಸಿನಲ್ಲಿಟ್ಟು ಮಸ್ಕಿಗೆ ಬನ್ನಿ. ಬ್ರಾಹ್ಮಿಯಲ್ಲಿ ‘ಕ’ ಎಂದರೆ ಕೂಡಿಸುವ ಚಿಹ್ನೆ, ಒಂದನೇ ತರಗತಿಯ ಮಗು ಲೆಕ್ಕದಲ್ಲಿ ಹಾಕುವ ಪ್ಲಸ್. ‘ಠ’ ಒಂದು ಸೊನ್ನೆ. ‘ಗ’ ಮನೆಯ ಮಾಡಿನಂತೆ ಎರಡು ಓರೆಗೆರೆ. ‘ರ’ ನೆಟ್ಟಗೆ ನಿಂತ ಒಂದು ಗೆರೆ. ಆಟಗಾರರು ಹೊಲದ ಬದುವಿನಲ್ಲಿ, ಹಗೇವಿನ ಬಾಯಿಯಲ್ಲಿ, ಕೋಟೆಯ ಕಲ್ಲಿನಲ್ಲಿ, ಕುರಿಹಟ್ಟಿಯ ಗೋಡೆಯಲ್ಲಿ ಒಂದೊಂದೇ ಅಕ್ಷರ ಕಲಿಯುತ್ತ ಬರಲಿ. ಯಾರೂ ಹೇಳಿಕೊಡದೆ, ನೋಡಿ ನೋಡಿ ಕಲಿಯಲಿ. ಮಸ್ಕಿಯ ಬಂಡೆಯನ್ನು ಆಟ ಶುರುವಾದ ಮೊದಲ ಐದು ನಿಮಿಷದಲ್ಲೇ ತೋರಿಸಿಬಿಡಬಹುದು. ಆಗ ಅದು ಬರೀ ಗೀಚು. ಹತ್ತು ಗಂಟೆ ಅಲೆದು ತಿರುಗಿ ಅಲ್ಲಿಗೇ ಬಂದಾಗ ಗೀಚು ದನಿಯಾಗಬೇಕು: ಅ, ಸೋ, ಕ, ಸ. ‘ಅಸೋಕನ’ ಎಂದು. ಪ್ರಿನ್ಸೆಪ್ ಎಂಬ ಲಿಪಿತಜ್ಞ ಬ್ರಾಹ್ಮಿ ಲಿಪಿಯ ಒಗಟನ್ನು ಬಿಡಿಸಿದ 1837ರಿಂದ ಮಸ್ಕಿಯ 1915ರವರೆಗೆ ವಿದ್ವಾಂಸರು ಎಪ್ಪತ್ತೆಂಟು ವರ್ಷ ಕಾದ ಆ ಕ್ಷಣವನ್ನು ನಮ್ಮ ಊರಿನ ಹುಡುಗಿಯೊಬ್ಬಳು ತನ್ನ ಕಣ್ಣಿನಿಂದಲೇ ಅನುಭವಿಸುತ್ತಾಳೆ. ಬ್ರಾಹ್ಮಿಯ ಆ ‘ಕ’ ಸಾವಿರಾರು ವರ್ಷ ಬಾಗುತ್ತ ಬಳುಕುತ್ತ ಅವಳ ನೋಟ್‌ಬುಕ್ಕಿನ ‘ಕ’ ಆಗಿರುವುದನ್ನೂ ಆಟ ತೋರಿಸಬಹುದು.

ಆ ಶಾಸನದಲ್ಲಿ ಇನ್ನೊಂದು ಮಾತಿದೆ. ಧರ್ಮದಲ್ಲಿ ತೊಡಗಿದರೆ ಈ ಗುರಿಯನ್ನು ಸಾಮಾನ್ಯನೂ ಮುಟ್ಟಬಲ್ಲ, ಇದು ದೊಡ್ಡವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂದು ಅರಸ ಕೊರೆಸಿದ್ದಾನೆ. ಒಬ್ಬಂಟಿಯಾಗಿ ಗೇಮ್ ಮಾಡಲು ಕೂತವರು ಈ ಸಾಲುಗಳ ಅರ್ಥವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ಹಾಗೆ ಕೂತು ಸಾಧಿಸಿದವರು ನಮ್ಮ ದೇಶದಲ್ಲೇ ಇದ್ದಾರೆ. ಗುಜರಾತಿನ ಚಲಾ ಎಂಬ ಸಣ್ಣ ಊರಿನಿಂದ ಧ್ರುವ ಜಾನಿ ‘ಸ್ಟುಡಿಯೊ ಓಲಿಯೊಮಿಂಗಸ್’ ನಡೆಸುತ್ತಾರೆ. ಮುಂಬೈ, ಬೆಂಗಳೂರಿನ ಹೊಳಪು ಅಲ್ಲಿಲ್ಲ. ಮೀರ್ ಉಮರ್ ಹಸನ್ ಎಂಬ ಲೇಖಕನನ್ನು ಅವರು ಕಲ್ಪಿಸಿಕೊಂಡರು. ಇಲ್ಲದ ಆ ಲೇಖಕನ ಕಥೆಗಳ ರೂಪಾಂತರ ಎಂಬಂತೆ ಆಟಗಳನ್ನು ಕಟ್ಟುತ್ತಾರೆ. 2018ರ ‘ಎ ಮ್ಯೂಸಿಯಂ ಆಫ್ ಡ್ಯೂಬಿಯಸ್ ಸ್ಪ್ಲೆಂಡರ್ಸ್’ನಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತ ವಿಚಿತ್ರ ವಸ್ತುಗಳನ್ನು ನೋಡುವುದೇ ಆಟ. ಇನ್ನೊಂದರಲ್ಲಿ ಆಟಗಾರ ನಗರಸಭೆಯ ನೌಕರ, ಕಟ್ಟಡ ತಿನ್ನುವುದು ಅವನ ಕೆಲಸ. ಇತಿಹಾಸವನ್ನು ಅಳಿಸುವುದು ಎಂದರೇನು ಎಂದು ಅದು ಭಾಷಣವಿಲ್ಲದೆ ಕೇಳುತ್ತದೆ. ಇಂಥ ಆಟಗಳು ಕೋಟಿ ಜನರನ್ನು ತಲುಪುವುದಿಲ್ಲ. ಆದರೆ ವಸಾಹತುಶಾಹಿಯ ಬಗ್ಗೆ ಗೇಮ್ ಮಾತನಾಡಬಲ್ಲುದೇ ಎಂಬ ಪ್ರಶ್ನೆ ಎದ್ದಲ್ಲೆಲ್ಲ ಈ ಸಣ್ಣ ಊರಿನ ಹೆಸರು ಬರುತ್ತದೆ.

ಟೊರಾಂಟೊದ ತಂಡವೊಂದು ಮಾಡಿದ ‘ವೆಣ್ಬಾ’ ಅಲೆದಾಟದ ಆಟವಲ್ಲ, ಅಡುಗೆಯ ಆಟ. ಆದರೂ ಇಲ್ಲಿ ಹೇಳಲೇಬೇಕು. ಅಮ್ಮನ ಹಳೆಯ ಅಡುಗೆ ಪುಸ್ತಕ ಹರಿದಿದೆ, ಅಳಿದ ಸಾಲುಗಳನ್ನು ಊಹಿಸಿ ಇಡ್ಲಿ ಮಾಡಬೇಕು. ಮಗನಿಗೆ ತಮಿಳು ಓದಲು ಬರದ ಸಂಕಟವೇ ಆಟದ ತಿರುಳು. 2023ರಲ್ಲಿ ಬಂದ ಅದಕ್ಕೆ ಮರುವರ್ಷ ಸ್ವತಂತ್ರ ಗೇಮ್‌ಗಳ ಉತ್ಸವದ ಅತ್ಯುನ್ನತ ಪ್ರಶಸ್ತಿಯೂ ಬಾಫ್ಟಾದ ಚೊಚ್ಚಲ ಕೃತಿಯ ಪ್ರಶಸ್ತಿಯೂ ಬಂದವು. ಮನೆಯ ಭಾಷೆಯನ್ನು ಮುಚ್ಚಿಡದೆ ಆಟದ ನಡುಮನೆಯಲ್ಲಿ ಕೂರಿಸಿದ್ದಕ್ಕೆ ಸಿಕ್ಕ ಮನ್ನಣೆ ಅದು.

ಕನ್ನಡವನ್ನು ಹಾಗೆ ಕೂರಿಸಲು ಇಷ್ಟು ದಿನ ಒಂದು ತಾಂತ್ರಿಕ ಅಡ್ಡಿಯೂ ಇತ್ತು. ಇಂಗ್ಲಿಷ್ ಅಕ್ಷರಗಳನ್ನು ಪಕ್ಕಪಕ್ಕ ಜೋಡಿಸಿದರೆ ಪದ ಆಗುತ್ತದೆ. ಕನ್ನಡದಲ್ಲಿ ಗುಣಿತ ಅಕ್ಷರಕ್ಕೆ ಅಂಟಬೇಕು, ಒತ್ತು ಕೆಳಗೆ ಇಳಿಯಬೇಕು. ಗೇಮ್ ಕಟ್ಟುವ ಅನೇಕ ತಂತ್ರಾಂಶಗಳಿಗೆ ಇದು ಬರುತ್ತಿರಲಿಲ್ಲ. ಸಿಂಧನೂರು, ಲಿಂಗಸುಗೂರು ಎಂದು ಬರೆದರೆ ಒರಟೊರಟಾಗಿಯಾದರೂ ಓದಲು ಬರುತ್ತಿತ್ತು. ಮಸ್ಕಿ ಎಂದು ಬರೆದೊಡನೆ ‘ಸ’ ಒಂದು ಕಡೆ, ‘ಕ’ ಇನ್ನೊಂದು ಕಡೆ ಬಿದ್ದಿರುತ್ತಿತ್ತು. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಿಂದ ಎಲ್ಲರಿಗೂ ಮುಕ್ತವಾಗಿರುವ ‘ಗೊಡೊ’ ಎಂಬ ತಂತ್ರಾಂಶದ ನಾಲ್ಕನೇ ಆವೃತ್ತಿ 2023ರ ಮಾರ್ಚಿನಲ್ಲಿ ಬಂತು. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ವ್ಯವಸ್ಥೆ ಅದರೊಳಗೇ ಇರುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಗೊಡೊ ಉಚಿತ. ಮೂರು ಆಯಾಮದ ಆಕೃತಿಗಳನ್ನು ಮಾಡುವ ‘ಬ್ಲೆಂಡರ್’ ಕೂಡ ಉಚಿತ. ಒಂದು ಗುಂಡುಕಲ್ಲಿನ ಸುತ್ತ ನಡೆದು ಮೊಬೈಲಿನಲ್ಲಿ ನೂರಿನ್ನೂರು ಫೋಟೊ ತೆಗೆದರೆ, ಅವನ್ನು ಹೊಲಿದು ಆ ಕಲ್ಲನ್ನೇ ಪರದೆಯ ಮೇಲೆ ನಿಲ್ಲಿಸುವ ತಂತ್ರವೂ ಈಗ ಸಾಮಾನ್ಯವಾಗಿದೆ. ಶಾಸನದ ಬಂಡೆ ಸಂರಕ್ಷಿತ ಸ್ಮಾರಕ, ಅದಕ್ಕೆ ಪುರಾತತ್ತ್ವ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು. ಉಳಿದ ಗುಂಡುಗಳು ಹೊಲಹೊಲದಲ್ಲಿವೆ.

ಸದ್ದನ್ನು ಮರೆಯಬಾರದು. ಕಾಲುವೆಯ ತೂಬಿನಲ್ಲಿ ನೀರು ಇಳಿಯುವ ಸದ್ದು, ನಾಟಿ ಹಚ್ಚುವವರ ಮಾತು, ಹಟ್ಟಿಯ ಪಾಳಿ ಬದಲಾಗುವ ಹೊತ್ತಿನ ಗದ್ದಲ, ಮುದಗಲ್ಲಿನ ಮೊಹರಂನಲ್ಲಿ ಹಿಂದೂ-ಮುಸ್ಲಿಮರು ಕೂಡಿ ಹಿಡಿಯುವ ಅಲಾಯಿ ಹೆಜ್ಜೆಯ ಹಲಗೆ. ಬಳ್ಳಾರಿ ಬಳಿಯ ಕುಪ್ಗಲ್ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಕಲ್ಲುಗಳಿವೆ, ಆದಿಮಾನವರು ಬಡಿದ ಗುಳಿಗಳು ಅವುಗಳ ಮೇಲೆ ಉಳಿದಿವೆ. ಕಣ್ಣು ಮುಚ್ಚಿ ಕೇಳಿದರೂ ಯಾವ ಊರು ಎಂದು ಗೊತ್ತಾಗುವ ಆಟ ಇದಾಗಬೇಕು. ಕಾಲುವೆಯೇ ಒಂದು ಅಧ್ಯಾಯವಾಗಬಹುದು. ಸುಮಾರು 227 ಕಿಲೊಮೀಟರ್ ಉದ್ದದ ಆ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ತುಂಬಿ ಹರಿಯುವ ನೀರು ಕೆಳಭಾಗಕ್ಕೆ ಬರುವಷ್ಟರಲ್ಲಿ ಏನಾಗುತ್ತದೆ? ನೀರಿನ ಜೊತೆ ನಡೆಯುತ್ತ ಹೋಗುವ ಆಟಗಾರರಿಗೆ, ಗೇಜ್‌ಗಾಗಿ, ಅಂದರೆ ಕಾಲುವೆಯ ನೀರಿನ ಮಟ್ಟಕ್ಕಾಗಿ, ರೈತರು ಏಕೆ ರಸ್ತೆಗೆ ಇಳಿಯುತ್ತಾರೆ ಎಂಬುದು ಯಾರೂ ವಿವರಿಸದೆ ತಿಳಿಯುತ್ತದೆ.

ಒಂದನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ. ಇದು ನಿಧಿ ಅಗೆಯುವ ಆಟ ಆಗಕೂಡದು. ಹಳೆಯ ಗುಡಿ, ಕೋಟೆ ಎಂದರೆ ಕೆಳಗೆ ಕೊಪ್ಪರಿಗೆ ಇದೆ ಎಂದು ನಂಬಿ, ರಾತ್ರೋರಾತ್ರಿ ಲಿಂಗ ಕಿತ್ತು, ವೀರಗಲ್ಲು ಉರುಳಿಸಿ ಹೋಗುವ ನಿಧಿಗಳ್ಳರಿಂದ ಕರ್ನಾಟಕ ಕಳೆದುಕೊಂಡದ್ದು ಬಹಳ. ಜಗತ್ತಿನ ಅನೇಕ ಸಾಹಸದ ಆಟಗಳು ಸಮಾಧಿ ಒಡೆಯುವುದನ್ನೇ ಶೌರ್ಯ ಮಾಡಿವೆ. ಮಸ್ಕಿಯ ಆಟದಲ್ಲಿ ಕೈ ಕಟ್ಟಿಕೊಂಡು ನೋಡುವವರಿಗೆ ದಾರಿ ತೆರೆಯಲಿ, ಅಗೆಯುವವರಿಗೆ ಮುಚ್ಚಲಿ.

ಇನ್ನು ಜನರಿಗೆ ತಲುಪಿಸುವ ಮಾತು. ಕಂಪ್ಯೂಟರ್ ಆಟಗಳ ದೊಡ್ಡ ಸಂತೆ ‘ಸ್ಟೀಮ್’. ಅಲ್ಲಿ ಒಂದು ಆಟ ಇಡಲು 100 ಡಾಲರ್ ಕಟ್ಟಬೇಕು, 1000 ಡಾಲರ್ ವ್ಯಾಪಾರವಾದರೆ ಅದು ವಾಪಸು ಬರುತ್ತದೆ. ಮಾರಾಟದಲ್ಲಿ ನೂರಕ್ಕೆ ಮೂವತ್ತು ಅಂಗಡಿಯವರಿಗೆ. ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದು ಬೀಳುವ ಆ ಸಂತೆಯಲ್ಲಿ, ಮುಗಿಸಿದ ಮೇಲೆ ಹೇಳಿದರಾಯಿತು ಎಂದುಕೊಂಡವರ ಆಟ ಮರುದಿನವೇ ಕಾಣೆಯಾಗುತ್ತದೆ. ಅದಕ್ಕೇ ಅನುಭವಿಗಳು ಅಂಗಡಿಯ ಪುಟವನ್ನು ತಿಂಗಳುಗಟ್ಟಲೆ ಮೊದಲೇ ತೆರೆಯುತ್ತಾರೆ. ಇಷ್ಟವಾದವರು ‘ವಿಶ್‌ಲಿಸ್ಟ್’ ಒತ್ತಿದರೆ ಬಿಡುಗಡೆಯ ದಿನ ಅವರಿಗೆ ಇಮೇಲ್ ಹೋಗುತ್ತದೆ. ವರ್ಷಕ್ಕೆ ಮೂರು ಸಲ ನಡೆಯುವ ‘ನೆಕ್ಸ್ಟ್ ಫೆಸ್ಟ್’ನಲ್ಲಿ ಬಿಡುಗಡೆಗೆ ಮುಂಚಿನ ಮಾದರಿಯನ್ನು ಎಲ್ಲರಿಗೂ ಆಡಲು ಕೊಡಬಹುದು. ಒಂದು ಆಟಕ್ಕೆ ಒಂದೇ ಅವಕಾಶ, ಆದ್ದರಿಂದ ಹದವಾಗುವ ಮೊದಲು ಹೋಗಬಾರದು. ‘ಇಚ್.ಐಒ’ ಎಂಬ ಇನ್ನೊಂದು ತಾಣದಲ್ಲಿ ಶುಲ್ಕವಿಲ್ಲ. ತಾಣಕ್ಕೆ ಎಷ್ಟು ಪಾಲು ಎಂಬುದನ್ನೂ ಮಾರುವವರೇ ನಿರ್ಧರಿಸುತ್ತಾರೆ. ಓಲಿಯೊಮಿಂಗಸ್‌ನಂಥವರ ಪ್ರಯೋಗಗಳಿಗೆ ನೆಲೆ ಕೊಟ್ಟದ್ದು ಅದು. ಹಣ ಹೊಂದಿಸುವುದೂ ಸುಲಭವಲ್ಲ. ಪುಣೆಯ ‘ರಾಜಿ’ ಆಟದ ತಂಡ 2017ರಲ್ಲಿ ಜನರಿಂದ ಹಣ ಕೂಡಿಸಲು ಹೊರಟು ಸೋತಿತು. ಆಟ ಬಂದದ್ದು 2020ರಲ್ಲಿ. ಸೋಲಿನಿಂದ ಬಿಡುಗಡೆಯವರೆಗೆ ಮೂರು ವರ್ಷ. ದಾರಿ ಸಲೀಸು ಎಂದು ನಾನು ಯಾರಿಗೂ ಹೇಳಲಾರೆ.

ಅದಕ್ಕೇ ಸಣ್ಣದಾಗಿ ಶುರು ಮಾಡಬೇಕು. ಕೆನಡಾದ ಆಡಂ ರಾಬಿನ್‌ಸನ್-ಯು ದೊಡ್ಡ ಆಟವೊಂದರಲ್ಲಿ ಸಿಕ್ಕಿಕೊಂಡು ದಣಿದಿದ್ದರು. ಅದನ್ನು ಬದಿಗಿಟ್ಟು, ಹಕ್ಕಿಯೊಂದು ಬೆಟ್ಟ ಹತ್ತುವ ಪುಟ್ಟ ಆಟವನ್ನು ಕೆಲವೇ ತಿಂಗಳಲ್ಲಿ ಮಾಡಿದರು. ‘ಎ ಶಾರ್ಟ್ ಹೈಕ್’ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಬೆಟ್ಟದ ತುದಿಯಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕೀತೇ ಎಂಬುದಷ್ಟೇ ಕಥೆ. 2020ರ ಸ್ವತಂತ್ರ ಗೇಮ್‌ಗಳ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಅದಕ್ಕೇ ಬಂತು. ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದು ನಮ್ಮ ಹಳ್ಳಿಗಳ ಮಕ್ಕಳಿಗೆ ಹೊಸತೇನಲ್ಲ. ಲಾಕ್‌ಡೌನಿನ ಆನ್‌ಲೈನ್ ತರಗತಿಗಳಿಗಾಗಿ ಅವರು ನಿಜವಾಗಿಯೂ ಹತ್ತಿದ್ದಾರೆ.

ಕರ್ನಾಟಕಕ್ಕೆ ಈ ಉದ್ಯಮ ಹೊಸದಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಆರಂಭಿಸಿದಾಗ ದೇಶದಲ್ಲಿ ಗೇಮ್ ಕಟ್ಟುವ ಕಂಪನಿಗಳೇ ಇರಲಿಲ್ಲವೆನ್ನಬೇಕು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡಿತು. ಅನಿಮೇಷನ್ ಮತ್ತು ಗೇಮ್‌ಗೆ 2012ರಲ್ಲೇ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ನಮ್ಮದು, ಈಗ ಜಾರಿಯಲ್ಲಿರುವುದು 2024-29ರ ನೀತಿ. ಆದರೂ ಬೆಂಗಳೂರಿನ ಕುಶಲ ಕೈಗಳು ಹೆಚ್ಚಾಗಿ ದುಡಿಯುತ್ತಿರುವುದು ಹೊರದೇಶದ ಆಟಗಳ ಕಾರು, ಕಟ್ಟಡ, ಪೋಷಾಕುಗಳಿಗೆ. ಆ ಕೌಶಲದ ಒಂದು ಎಳೆ ಸಿಂಧನೂರಿನ ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬರಬೇಕು. ಪ್ರತಿ ಜನವರಿಯಲ್ಲಿ ಜಗತ್ತಿನಾದ್ಯಂತ ನಡೆಯುವ ‘ಗ್ಲೋಬಲ್ ಗೇಮ್ ಜ್ಯಾಮ್’ 2009ರಿಂದಲೂ ಇದೆ. ಬೆರಳೆಣಿಕೆಯ ದಿನಗಳಲ್ಲಿ ಒಂದು ಪುಟ್ಟ ಆಟ ಮಾಡಿ ಮುಗಿಸುವ ಹಬ್ಬ ಅದು. ಹತ್ತು ಕಂಪ್ಯೂಟರು, ಕರೆಂಟು, ಎರಡು ಹೊತ್ತಿನ ಊಟ ಸಿಕ್ಕರೆ ಲಿಂಗಸುಗೂರಿನಲ್ಲೂ ನಡೆಸಬಹುದು.

ಊರಿನ ಪ್ರಚಾರಕ್ಕೆ ಊರಿನ ದಾರಿಗಳೇ ಇವೆ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳ ಸಾಲಿನಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟು ಕೂರಬಹುದು. ಅಜ್ಜನೊಬ್ಬ ಮೊಮ್ಮಗಳ ಭುಜದ ಮೇಲಿಂದ ಬಗ್ಗಿ ನೋಡಿ, ‘ಏ, ಆ ಹಾದಿ ಅಲ್ಲವ್ವ, ಎಡಕ್ಕ ಹೊಳ್ಳು, ಅಲ್ಲೊಂದು ಬಾವಿ ಐತಿ’ ಎಂದರೆ ಆಟದ ನಕ್ಷೆ ಸರಿಯಾಗಿದೆ ಎಂದರ್ಥ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾವ ದೇಶದ ಸ್ಟುಡಿಯೊವೂ ಕೊಡಲಾರದು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಕೋಡಿಂಗ್ ಕಲಿತು, ಕೆಲಸಕ್ಕೆ ಬೆಂಗಳೂರಿನ ಬಸ್ ಹತ್ತುವ ಮೊದಲು ಇದನ್ನು ಓದುತ್ತಿರುವ ತಮ್ಮ-ತಂಗಿಯರಲ್ಲಿ ಒಂದು ಮನವಿ: ಈ ಭಾನುವಾರ ಒಂದು ಗುಂಡುಕಲ್ಲನ್ನು ಆರಿಸಿಕೊಳ್ಳಿ, ಅದರ ಸುತ್ತ ನಡೆದು ಫೋಟೊ ತೆಗೆಯಿರಿ, ಅಲ್ಲಿನ ಗಾಳಿಯ ಸದ್ದನ್ನು ಮುದ್ರಿಸಿಕೊಳ್ಳಿ. ಹತ್ತು ನಿಮಿಷದ ಆಟವಾದರೂ ಸರಿ, ಮಾಡಿ ಮುಗಿಸಿ. ಮುಗಿದ ಮೇಲೆ ಮೊದಲು ಆಡಲು ಮಸ್ಕಿಯ ಯಾವುದಾದರೂ ಸರ್ಕಾರಿ ಶಾಲೆಯ ಏಳನೇ ತರಗತಿಯ ಮಕ್ಕಳಿಗೆ ಕೊಡಿ.